ಎರಡು ದಿನದ ಗಡುವು, ಎರಡು ಜೀವದ ಲೆಕ್ಕ

ಬಸಿರಿನ ಮೂವತ್ತನೆಯ ವಾರದಲ್ಲೇ ಹೊಟ್ಟೆ ಗಟ್ಟಿಯಾಗಿ ನೋವು ಬಿಟ್ಟುಬಿಟ್ಟು ಬರತೊಡಗಿದರೆ ಮನೆಯವರು ವೈದ್ಯರನ್ನು ಕೇಳಿಕೊಳ್ಳುವುದು ಒಂದೇ ಮಾತು: ಹೇಗಾದರೂ ಮಾಡಿ ನೋವು ನಿಲ್ಲಿಸಿ. ನಿಲ್ಲಿಸುವ ಔಷಧಿಗಳೇನೋ ಇವೆ. ಆದರೆ ದಿನ ತುಂಬುವವರೆಗೆ ಹೆರಿಗೆಯನ್ನು ತಡೆಹಿಡಿಯುವ ಶಕ್ತಿ ಅವಕ್ಕಿಲ್ಲ. ಅವುಗಳಿಂದ ವೈದ್ಯರು ಬಯಸುವುದು ಸುಮಾರು 48 ಗಂಟೆ. ಅಷ್ಟರಲ್ಲಿ ತಾಯಿಗೆ ಕೊಟ್ಟ ಸ್ಟೆರಾಯ್ಡ್ ಇಂಜೆಕ್ಷನ್ ಮಗುವಿನ ಶ್ವಾಸಕೋಶವನ್ನು ಉಸಿರಾಟಕ್ಕೆ ಅಣಿಗೊಳಿಸುತ್ತದೆ. ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಗೆ ತಾಯಿಯನ್ನು ಸಾಗಿಸಲೂ ಸಮಯ ಸಿಗುತ್ತದೆ.

ಈ ಗಡುವು ಏಕೆ ಮುಖ್ಯ ಎಂಬುದಕ್ಕೆ ಟರ್ಬ್ಯುಟಲೀನ್ ಸಾಕ್ಷಿ. ಮೂಲತಃ ಇದು ಆಸ್ತಮಾದ ಔಷಧಿ. ಶ್ವಾಸನಾಳದ ಸ್ನಾಯುವಿನಂತೆ ಗರ್ಭಕೋಶದ ಸ್ನಾಯುವನ್ನೂ ಸಡಿಲಿಸುತ್ತದೆ, ಜೊತೆಗೆ ಹೃದಯವನ್ನು ಓಡಿಸುತ್ತದೆ. ಲೋಟ ಹಿಡಿದ ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದೂ ಉಂಟು. ಅಮೆರಿಕದಲ್ಲಿ ಇದನ್ನು ಪುಟ್ಟ ಪಂಪಿನ ಮೂಲಕ ಮನೆಯಲ್ಲೇ ವಾರಗಟ್ಟಲೆ ಕೊಡುತ್ತಿದ್ದ ಕಾಲವಿತ್ತು. ತಾಯಂದಿರ ಸಾವುಗಳು ವರದಿಯಾದ ಮೇಲೆ, 2011ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಟುವಾದ ಎಚ್ಚರಿಕೆ ಕೊಟ್ಟಿತು: ಇಂಜೆಕ್ಷನ್ 48ರಿಂದ 72 ಗಂಟೆ ಮೀರಕೂಡದು, ಹೆರಿಗೆ ತಡೆಯಲು ಮಾತ್ರೆ ಬೇಡವೇ ಬೇಡ. ಸಾವುಗಳಾದ ಮೇಲೆ ಬಂದ ಎಚ್ಚರಿಕೆ ಇದು, ಆದ್ದರಿಂದಲೇ ಹಗುರವಾಗಿ ಕಾಣುವಂತಿಲ್ಲ.

ಇಂದು ಹೆಚ್ಚು ಬಳಕೆಯಲ್ಲಿರುವುದು ನಿಫೆಡಿಪಿನ್. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದ್ದೂ ಇದನ್ನೇ. ಇದು ಬಿ.ಪಿ. ಮಾತ್ರೆಯಾದ್ದರಿಂದ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು, ಮುಖ ಬಿಸಿಯೇರಬಹುದು, ತಲೆನೋವು ಬರಬಹುದು.

ಇದೇ ಕೆಲಸಕ್ಕೆ ಬಳಸುವ ಇಂಡೋಮೆಥಾಸಿನ್‌ನದು ಬೇರೆ ಬಗೆಯ ಅಪಾಯ. ತಾಯಿಗೆ ಹೊಟ್ಟೆಯುರಿಯಷ್ಟೇ ಇದ್ದರೂ ಒಳಗೆ ಮಗುವಿನ ಹೃದಯದ ಬಳಿಯ ಮುಖ್ಯ ರಕ್ತನಾಳವೊಂದು ಅಕಾಲದಲ್ಲಿ ಕಿರಿದಾಗಬಹುದು, ಗರ್ಭದ ನೀರು ಕಡಿಮೆಯಾಗಬಹುದು. 32 ವಾರಗಳ ನಂತರ ವೈದ್ಯರು ಸಾಮಾನ್ಯವಾಗಿ ಇದರ ತಂಟೆಗೆ ಹೋಗುವುದಿಲ್ಲ.

ಇದೇ ಸಾಲಿನ ಇನ್ನೊಂದು ಔಷಧಿ ಮೆಗ್ನೀಸಿಯಂ ಸಲ್ಫೇಟ್‌ನ ಡ್ರಿಪ್ ಹಾಕಿದಾಗ ನರ್ಸ್ ಬಂದು ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಕಾಲು ಚಿಮ್ಮದಿದ್ದರೆ ಮೆಗ್ನೀಸಿಯಂ ಅತಿಯಾಗಿದೆಯೆಂಬ ಸೂಚನೆ. ಇನ್ನೂ ಏರಿದರೆ ಉಸಿರಾಟಕ್ಕೇ ಕುತ್ತು. ಇದಕ್ಕೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್ ಕೈಗೆಟುಕುವಲ್ಲೇ ಇರಬೇಕು. ಈಗ ಮೆಗ್ನೀಸಿಯಂ ಕೊಡುವುದು ನೋವು ತಡೆಯುವುದಕ್ಕಿಂತ ಹೆಚ್ಚಾಗಿ ಮಗುವಿನ ಮಿದುಳಿನ ರಕ್ಷಣೆಗೆ.

ಎರಡು ದಿನ ಕಳೆದ ಮೇಲೂ ಹೆರಿಗೆ ನೋವು ತಡೆಯುವ ಔಷಧಿ ಮುಂದುವರಿದಿದ್ದರೆ, ಇದು ಇನ್ನೂ ಏಕೆ ಬೇಕು ಎಂದು ಮನೆಯವರು ವೈದ್ಯರನ್ನು ಧೈರ್ಯವಾಗಿ ಕೇಳಬಹುದು. ಏದುಸಿರು, ಎದೆನೋವು, ಇಳಿಯದ ಜೋರು ಎದೆಬಡಿತ ಕಾಣಿಸಿದರೆ ಮಾತ್ರ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಆ ಕ್ಷಣವೇ ನರ್ಸ್‌ಗೆ ಹೇಳಬೇಕು.