ವಿಶ್ವವಿದ್ಯಾಲಯದ ಕೀರ್ತಿಯ ಮೂಲ

ಕಟ್ಟಡವು ಧನದಿಂದ ಏಳುತ್ತದೆ; ವಿದ್ಯಾಕೀರ್ತಿಯು ದುಡಿಮೆಯಿಂದ ಬೆಳೆಯುತ್ತದೆ. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಉಪಕುಲಪತಿಗಳಾದ ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ ಭದ್ರವಾದ ತಳಹದಿಯನ್ನು ಹಾಕಿದರು. 1939ರಲ್ಲಿ ಆರಂಭವಾಗಿದ್ದ ಕನ್ನಡ ಸಂಶೋಧನ ಸಂಸ್ಥೆಯೂ ಮುಂದೆ ಅದರಲ್ಲಿ ಸೇರಿತು. ಆರ್. ಸಿ. ಹಿರೇಮಠ, ಎಂ. ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಓಲೆಗರಿಗಳ ಪಾಠಾಂತರಗಳನ್ನು ತೂಗಿ ನೋಡಿ ವಚನಗಳ ಶುದ್ಧಪಾಠವನ್ನು ನಿರ್ಣಯಿಸಿದುದರಿಂದ ಅದಕ್ಕೆ ವಿದ್ವಲ್ಲೋಕದ ಮನ್ನಣೆ ದೊರೆಯಿತು.

‘ಕವಿರಾಜಮಾರ್ಗ’ವು ಕನ್ನಡದ ತಿರುಳ್ನಾಡಿನಲ್ಲಿ ಎಣಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಶಾಸನಗಳನ್ನು ಓದಬಲ್ಲ ಹೊಸ ಪೀಳಿಗೆಯು ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳ ಶಾಲೆಗಳಿಂದಲೂ ಹೊರಡಬೇಕು. ಇಲ್ಲಿ ಹಳಗನ್ನಡದ ಪಾಠವು ಸಡಿಲವಾದರೆ ಧಾರವಾಡದ ಸಂಶೋಧನೆಯು ಸೊರಗುತ್ತದೆ. ಹಿರಿಯರು ಗಳಿಸಿದ ಕೀರ್ತಿಯು ಬರಿಯ ನೆನಪಾಗಿ ಉಳಿಯುತ್ತದೆ.