ಟನ್ನಿಗೆ 12 ಪೆನ್ನಿ: ಲೀತ್ ಬಂದರು ಬಾಳಿದ ಬಗೆ

ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಕರ್ಕ್‌ಗೇಟ್ ಬೀದಿಯಲ್ಲಿ ಈಗ ಅಂಗಡಿಗಳ ಸಾಲು, ಅದರ ಬೆನ್ನಿಗೆ ಬಹುಮಹಡಿ ವಸತಿ ಕಟ್ಟಡ. ಅಲ್ಲೇ ಹಳೆಯ ಚರ್ಚಿನ ಎದುರಿಗೆ ಕಂಬಗಳ ಮುಖದ ಒಂದು ಕಲ್ಲುಕಟ್ಟಡವಿದೆ. ಅದರ ಹೆಸರು ಟ್ರಿನಿಟಿ ಹೌಸ್. ಕಣ್ಣಿಗೆ ಕಾಣುವ ಕಟ್ಟಡ 1816ರದು. ಕೆಳಗಿನ ನೆಲಮಾಳಿಗೆ 1555ರಲ್ಲಿ ಬಡ ನಾವಿಕರಿಗಾಗಿ ಕಟ್ಟಿದ ಆಶ್ರಯದ್ದು. ಅದನ್ನು ಕಟ್ಟಿಸಿದ ನಾವಿಕರ ಸಂಘದ ಬೇರು 1380ಕ್ಕೆ ಇಳಿಯುತ್ತದೆ.

ಸಂಘದ ಆದಾಯಕ್ಕೆ ‘ಪ್ರೈಮ್ ಗಿಲ್ಟ್’ ಎಂದು ಹೆಸರು. ಬಂದರಿನಲ್ಲಿ ಏರುವ, ಇಳಿಯುವ ಸರಕಿನ ಮೇಲೆ ಟನ್ನಿಗೆ 12 ಸ್ಕಾಟಿಷ್ ಪೆನ್ನಿಯ ವಂತಿಗೆ. ಮುಪ್ಪಾದವರು, ಕಾಯಿಲೆ ಬಿದ್ದವರು, ಗಂಡನನ್ನು ಕಡಲಿಗೆ ಕಳೆದುಕೊಂಡ ಹೆಂಗಸರು ಈ ಹಣದಿಂದ ಬದುಕಿದರು. ಸರ್ಕಾರದ ಪಿಂಚಣಿ, ವಿಮೆ ಬರುವ ಎಷ್ಟೋ ಮೊದಲೇ ಲೀತ್‌ನ ನಾವಿಕರು ಅವುಗಳ ಕೆಲಸವನ್ನು ಮಾಡಿಕೊಂಡಿದ್ದರು.

ತಮ್ಮೂರ ಬಂದರು, ಒಡೆತನ ಬೇರೆಯವರದು

ವಾಟರ್ ಆಫ್ ಲೀತ್ ಎಂಬ ಕಿರುಹೊಳೆ ಫೋರ್ತ್ ಅಳಿವೆಗೆ ಬೀಳುವಲ್ಲಿ ಊರು ಬೆಳೆಯಿತು. 1329ರಲ್ಲಿ ದೊರೆ ರಾಬರ್ಟ್ ಬ್ರೂಸ್ ಬಂದರನ್ನು ಪಕ್ಕದ ಎಡಿನ್‌ಬರೋ ನಗರಕ್ಕೆ ಬರೆದುಕೊಟ್ಟ. ಅಲ್ಲಿಂದ ಸುಂಕ, ವ್ಯಾಪಾರದ ಹಕ್ಕು ಎಲ್ಲವೂ ನಗರದ ವರ್ತಕರ ಪಾಲಾಯಿತು. ಹಡಗು ನಡೆಸಿದವರು, ಮೂಟೆ ಹೊತ್ತವರು ಲೀತ್‌ನವರು. ಲೆಕ್ಕದ ಪುಸ್ತಕ ಮಾತ್ರ ಎಡಿನ್‌ಬರೋದಲ್ಲಿ. ಇಂಥ ಊರಿನಲ್ಲಿ ನಾವಿಕರು, ಮಾಲ್ಟ್ ತಯಾರಕರು, ಕುಶಲಕರ್ಮಿಗಳು, ವರ್ತಕರು ಕಟ್ಟಿಕೊಂಡ ನಾಲ್ಕು ಸಂಘಗಳೇ ಜನರ ಬಲವಾದವು.

ನಗರವನ್ನು ಮುಳುಗಿಸಿದ ಸಾಲ

ಹೊಳೆಬಾಯಿಯಲ್ಲಿ ಮರಳ ದಿಬ್ಬ. ಇಳಿತ ಬಂತೆಂದರೆ ಹಡಗುಗಳು ಕೆಸರಿನಲ್ಲಿ ಕೂರುತ್ತಿದ್ದವು. ಉಬ್ಬರದಲ್ಲಿ ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರನ್ನು ಹಿಡಿದಿಡುವ ಡಾಕ್‌ಗಳೇ ಇದಕ್ಕೆ ಪರಿಹಾರವಾಗಿದ್ದವು. ಎಂಜಿನಿಯರ್ ಜಾನ್ ರೆನಿ ಯೋಜಿಸಿದ ಎರಡು ಡಾಕ್‌ಗಳು 1806 ಮತ್ತು 1817ರಲ್ಲಿ ಸಿದ್ಧವಾದವು. ಅವುಗಳಿಗೆಂದು ಮಾಡಿದ ಭಾರಿ ಸಾಲದ ಹೊರೆಯೂ ಸೇರಿ 1833ರಲ್ಲಿ ಎಡಿನ್‌ಬರೋ ನಗರ ದಿವಾಳಿಯೆದ್ದಿತು. ಅದೇ ವರ್ಷ ಲೀತ್‌ಗೆ ಸ್ವಂತ ನಗರಸಭೆ ಸಿಕ್ಕಿತು. ಐದು ಶತಮಾನದ ಕಾಯುವಿಕೆ ಅದು.

1838ರಲ್ಲಿ ಡಾಕ್‌ಗಳ ಆಡಳಿತ ಪ್ರತ್ಯೇಕ ಆಯೋಗಕ್ಕೆ ಹೋಯಿತು. ಬಂದರು ಕಡಲಿನತ್ತ ಚಾಚುತ್ತ ನಡೆಯಿತು: 1869ರಲ್ಲಿ ಆಲ್ಬರ್ಟ್ ಡಾಕ್, 1881ರಲ್ಲಿ ಎಡಿನ್‌ಬರೋ ಡಾಕ್, 1904ರಲ್ಲಿ ಇಂಪೀರಿಯಲ್ ಡಾಕ್. 1837ರಲ್ಲಿ ಇಲ್ಲಿ ಕಟ್ಟಿದ ‘ಸಿರಿಯಸ್’ ಹಡಗು ಮರುವರ್ಷವೇ ಉಗಿಯ ಬಲದಿಂದ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಸೇರಿತು.

ಕಷ್ಟದ ದಿನಗಳು

1886ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಅವರ ಮಹಿಳಾ ವೈದ್ಯ ಶಾಲೆಯ ವಿದ್ಯಾರ್ಥಿನಿಯರು ರೋಗಿಗಳ ಹಾಸಿಗೆಯ ಪಕ್ಕ ನಿಂತು ಕಲಿಯಲು ಬಾಗಿಲು ತೆರೆದದ್ದು ಲೀತ್ ಆಸ್ಪತ್ರೆ. 1913ರ ಬೇಸಿಗೆಯಲ್ಲಿ ಸಾವಿರಾರು ಡಾಕ್ ಕಾರ್ಮಿಕರು ಹಲವು ವಾರ ಮುಷ್ಕರ ಹೂಡಿದರು. 1915ರ ಮೇ 22ರಂದು ಗ್ರೆಟ್ನಾ ಬಳಿಯ ಕ್ವಿಂಟಿನ್ಸ್‌ಹಿಲ್‌ನಲ್ಲಿ ರೈಲುಗಳು ಡಿಕ್ಕಿ ಹೊಡೆದು, ಯುದ್ಧಕ್ಕೆ ಹೊರಟಿದ್ದ ಲೀತ್ ತುಕಡಿಯ ಇನ್ನೂರಕ್ಕೂ ಹೆಚ್ಚು ಯೋಧರು ಸತ್ತರು. ಶವಪೆಟ್ಟಿಗೆಗಳನ್ನು ತಂದಿಟ್ಟದ್ದು ಡಾಲ್ಮೆನಿ ಬೀದಿಯ ಕವಾಯತು ಭವನದಲ್ಲಿ. ಯುದ್ಧದ ನೆನಪಿಗೆ ಏನು ಕಟ್ಟಬೇಕೆಂಬ ಪ್ರಶ್ನೆಗೆ ಊರು ಕೊಟ್ಟ ಉತ್ತರ, ಆಸ್ಪತ್ರೆಗೆ ಮಕ್ಕಳ ವಿಭಾಗ.

1920ರಲ್ಲಿ ಲೀತ್ ಮತ್ತೆ ಎಡಿನ್‌ಬರೋ ಪಾಲಾಯಿತು. ಜನಮತದಲ್ಲಿ ವಿಲೀನ ಬೇಡವೆಂದವರು 26,810, ಬೇಕೆಂದವರು 4,340. ಆ ಎಣಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ‘ಪಟ್ಟು ಬಿಡಬೇಡ’ ಎಂಬ ಊರಿನ ಧ್ಯೇಯವಾಕ್ಯ ಉಳಿಯಿತು.

ಉಳಿದದ್ದೇನು?

1918ರಲ್ಲಿ ಆರಂಭವಾದ ಹೆನ್ರಿ ರಾಬ್ ಹಡಗುಕಟ್ಟೆ 1980ರ ದಶಕದಲ್ಲಿ ಬಾಗಿಲು ಹಾಕಿತು. ಅದರ ಜಾಗದಲ್ಲೀಗ ಮಾಲ್. ಪಕ್ಕದಲ್ಲೇ 1998ರಿಂದ ಪ್ರವಾಸಿಗರಿಗಾಗಿ ನಿಂತಿರುವ ರಾಜಮನೆತನದ ‘ಬ್ರಿಟಾನಿಯಾ’ ಹಡಗು. ರೆನಿಯ ಡಾಕ್‌ಗಳಿಗೆ ಮಣ್ಣು ತುಂಬಿ, ಅಲ್ಲಿ ಸರ್ಕಾರಿ ಕಚೇರಿ ಎದ್ದಿದೆ. ಶವಪೆಟ್ಟಿಗೆಗಳಿದ್ದ ಭವನ ಕಲಾವಿದರ ಕೇಂದ್ರವಾಗಿದೆ. 1868ರಲ್ಲಿ ನಾರ್ವೆಯ ನಾವಿಕರಿಗಾಗಿ ಕಟ್ಟಿದ ಚರ್ಚಿನಲ್ಲಿ ಚಿತ್ರಕಲಾ ಶಾಲೆ ನಡೆಯುತ್ತಿದೆ.

ಇವೆಲ್ಲದರ ನಡುವೆ ನಾವು ಭಾರತೀಯರು ನೋಡಲೇಬೇಕಾದ ಕಟ್ಟಡವೊಂದಿದೆ. ಲೀತ್‌ನಲ್ಲೇ ಹುಟ್ಟಿದ ವರ್ತಕ ಜಾನ್ ಗ್ಲಾಡ್‌ಸ್ಟನ್ 1840ರ ದಶಕದಲ್ಲಿ ಶೆರಿಫ್ ಬ್ರೇಯಲ್ಲಿ ಸೇಂಟ್ ಥಾಮಸ್ ಚರ್ಚ್ ಕಟ್ಟಿಸಿದ. ಗುಲಾಮರ ದುಡಿಮೆಯ ಕಬ್ಬಿನ ತೋಟಗಳು ಅವನ ಸಂಪತ್ತಿನ ಮೂಲಗಳಲ್ಲೊಂದು. ಗುಲಾಮಗಿರಿ ರದ್ದಾದಾಗ ಗಯಾನಾದ ತನ್ನ ತೋಟಗಳಿಗೆ ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ತರಿಸಲು ಮುಂದಾದವನೂ ಅವನೇ. 1838ರಲ್ಲಿ ಎರಡು ಹಡಗುಗಳಲ್ಲಿ ನಮ್ಮ ಜನ ಗಯಾನಾದಲ್ಲಿ ಇಳಿದರು. ಅಂಥವನು ಕಟ್ಟಿಸಿದ ಚರ್ಚು 1976ರಲ್ಲಿ ಸಿಖ್ಖರ ಕೈಗೆ ಬಂದು ಗುರುದ್ವಾರವಾಯಿತು.

ಅಲ್ಲೀಗ ಲಂಗರ್ ನಡೆಯುತ್ತದೆ. ಯಾರು, ಎಲ್ಲಿಯವರು ಎಂದು ಕೇಳದೆ ಪಂಕ್ತಿಯಲ್ಲಿ ಕೂರಿಸಿ ಊಟ ಬಡಿಸುತ್ತಾರೆ. ಟನ್ನಿಗೆ 12 ಪೆನ್ನಿಯಂತೆ ಕೂಡಿಟ್ಟು ದಿಕ್ಕಿಲ್ಲದವರನ್ನು ಸಾಕಿದ ಊರಿಗೆ ಈ ಊಟದ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.