ಕಲೆಗಾರನ ಕಣ್ಣೂ ನೆಲದ ಬಾಳೂ

ಪ್ರಕೃತಿಯನ್ನು ಹೊಗಳಿ ಬರೆಯುವುದು ಸುಲಭವಾದ ಕೆಲಸ. ಚಿಗುರಿದ ಮಾವು, ಕೂಗುವ ಕೋಗಿಲೆ, ತುಂಬಿ ಹರಿಯುವ ಹೊಳೆ, ಇವುಗಳಿಗೆ ನಮ್ಮ ಸಾಹಿತ್ಯದಲ್ಲಿ ಎಂದೂ ಬಡತನವಿಲ್ಲ. ಆದರೆ ಆ ಮಾವಿನ ತೋಪಿಗೆ ಒಡೆಯನು ಯಾರು, ಹೊಳೆಯ ನೀರು ಯಾರ ಗದ್ದೆಗೆ ಹರಿಯುವುದು, ಮಳೆ ತಪ್ಪಿದ ವರುಷ ಯಾರ ಮನೆಯ ಒಲೆ ಆರುವುದು ಎಂದು ಕೇಳುವ ಕಲೆಗಾರರು ವಿರಳ. ಹಾಗೆ ಕೇಳಿದವರಲ್ಲಿ ಕೋಟ ಶಿವರಾಮ ಕಾರಂತರು ಅಗ್ರಗಣ್ಯರು.

ಕಾರಂತರು 1902ನೆಯ ಇಸವಿ ಅಕ್ಟೋಬರ್ 10ರಂದು ಉಡುಪಿ ಸೀಮೆಯ ಕೋಟ ಗ್ರಾಮದಲ್ಲಿ ಜನಿಸಿದರು. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಅನಂತರ ಅವರಿಗೆ ಊರೂರು ಅಲೆದಾಟವೇ ವಿದ್ಯಾಲಯವಾಯಿತು. ಕಾದಂಬರಿ, ನಾಟಕ, ಯಕ್ಷಗಾನ, ಚಿತ್ರ, ಶಿಲ್ಪ, ವಿಜ್ಞಾನ, ಇವುಗಳಲ್ಲಿ ಅವರು ಕೈಯಿಡದುದು ಯಾವುದೂ ಇಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಯಿಸಿದರು. ‘ಬಾಲಪ್ರಪಂಚ’ವೆಂಬ ಮೂರು ಸಂಪುಟಗಳನ್ನು ಮಕ್ಕಳ ಕೈಗಿತ್ತರು. ತೊಂಬತ್ತು ದಾಟಿದ ಮೇಲೆಯೂ ಹಕ್ಕಿಗಳನ್ನು ಕುರಿತು ಪುಸ್ತಕ ಬರೆದರೆಂದರೆ, ನೋಡುವ ಆಸೆ ಅವರಲ್ಲಿ ಎಷ್ಟು ಗಾಢವಾಗಿದ್ದಿತೆಂಬುದನ್ನು ಊಹಿಸಬಹುದು.

ಈ ನೋಟದ ಫಲವನ್ನು ಅವರ ಕಾದಂಬರಿಗಳಲ್ಲಿ ಕಾಣಬೇಕು. 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯಲ್ಲಿ ಮಳೆಗಾಲವಿದೆ, ಕಾಡಿದೆ, ಹಸುರು ಗದ್ದೆಗಳಿವೆ. ಚೋಮನಲ್ಲಿ ಎತ್ತುಗಳೂ ಇದ್ದವು. ಇಲ್ಲದುದು ಉಳಲು ಒಂದಿಷ್ಟು ನೆಲ. ಅವನು ಹುಟ್ಟಿದ ಜಾತಿಗೆ ಬೇಸಾಯದ ಅಧಿಕಾರವಿಲ್ಲವೆಂದು ಊರು ತೀರ್ಮಾನಿಸಿದ್ದಿತು. ಊರಿಗೆಲ್ಲ ಹಸುರನ್ನು ತಂದ ಮಳೆ ಅವನ ಪಾಲಿಗೆ ಕೂಲಿಯನ್ನೂ ಸಾಲವನ್ನೂ ಮಾತ್ರ ತಂದಿತು. ‘ಮರಳಿ ಮಣ್ಣಿಗೆ’ಯಲ್ಲಿ ಕಡಲತೀರದ ಒಂದು ಮನೆತನದ ಮೂರು ತಲೆಮಾರುಗಳ ಬಾಳಿದೆ. ಅಲ್ಲಿ ಸಮುದ್ರವು ಎಷ್ಟು ದೊಡ್ಡದಾಗಿ ಕಾಣುವುದೋ, ಮನೆಯ ಹೆಂಗಸರ ದಣಿವರಿಯದ ದುಡಿಮೆಯೂ ಅಷ್ಟೇ ದೊಡ್ಡದಾಗಿ ಕಾಣುವುದು. ‘ಬೆಟ್ಟದ ಜೀವ’ದಲ್ಲಿ ಕುಮಾರಪರ್ವತದ ಮಗ್ಗುಲಲ್ಲಿ ಅಡಕೆ ತೋಟವೆಬ್ಬಿಸಿದ ಗೋಪಾಲಯ್ಯನಿದ್ದಾನೆ. ಬೆಟ್ಟವನ್ನೇ ಪಳಗಿಸಿದ ಆ ವೃದ್ಧನಿಗೂ ಮನೆ ಬಿಟ್ಟು ಹೋದ ಮಗನನ್ನು ಮರಳಿ ತರುವ ಬಲವಿರಲಿಲ್ಲ.

ಬರೆದುದನ್ನು ಬಾಳಿನಲ್ಲಿಯೂ ನಡೆಯಿಸಿದುದು ಕಾರಂತರ ಹಿರಿಮೆ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕಾಳೀನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬೇಡವೆಂದು ವಾದಿಸಿದರು; 1989ರಲ್ಲಿ, ಇಳಿವಯಸ್ಸಿನಲ್ಲಿ, ಪರಿಸರದ ಹೆಸರಿನಲ್ಲಿಯೇ ಲೋಕಸಭೆಯ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ, ಸ್ಥಾವರವೂ ಎದ್ದಿತು. ಆದರೂ ನದಿ, ಕಾಡುಗಳ ಮಾತು ರಾಜಕಾರಣದ ಮಾತೂ ಹೌದೆಂಬುದನ್ನು ಅವರು ಜನರ ಮುಂದಿಟ್ಟರು. 1997ರ ಡಿಸೆಂಬರ್ 9ರಂದು ದಿವಂಗತರಾದರು.

ಕಾರಂತರು ಕಂಡುದು ಕಡಲನ್ನೂ ಘಟ್ಟವನ್ನೂ. ಅದೇ ಬಗೆಯ ನೋಟದಿಂದ ನಮ್ಮ ಬಯಲುಸೀಮೆಯನ್ನು ನೋಡಿದರೆ ಏನು ಕಂಡೀತು? ಮದ್ದೂರಿನ ಮಗ್ಗುಲಲ್ಲಿ, ಶಿಂಷಾ ನದಿಯ ಬಳಿಯಿರುವ ಶಿವಪುರವನ್ನೇ ತೆಗೆದುಕೊಳ್ಳೋಣ. ಚೈತ್ರದಲ್ಲಿ ಈ ಸೀಮೆಯ ಹೊಂಗೆ ಎಳೆಹಸುರಾಗುವುದು; ಸುಗ್ಗಿ ಮುಗಿದು, ಮುಂಗಾರು ಇನ್ನೂ ಬಾರದೆ, ಹೊಲಗಳು ಬರಿದಾಗಿರುವುವು. 1938ರ ಏಪ್ರಿಲ್ ತಿಂಗಳಿನ ಅಂತಹ ಬೇಸಿಗೆಯಲ್ಲಿಯೇ, ಸರ್ಕಾರದ ನಿಷೇಧವನ್ನು ಮೀರಿ, ಟಿ. ಸಿದ್ಧಲಿಂಗಯ್ಯನವರ ನಾಯಕತ್ವದಲ್ಲಿ ತ್ರಿವರ್ಣಧ್ವಜ ಇಲ್ಲಿ ಏರಿತು. ಸಾವಿರಾರು ಮಂದಿ ನೆರೆದ ಆ ಬಯಲು ಬೇಸಾಯಗಾರರ ಬಯಲು. ನೇಗಿಲಿಗೆ ಬಿಡುವು ದೊರೆತ ಋತುವಿನಲ್ಲಿ ಅದೇ ಕೈಗಳು ಬಾವುಟವನ್ನು ಹಿಡಿದವು.

ಈ ಸೀಮೆಯ ಋತುಗಳ ಅರ್ಥವೇ ಒಂದು ತಲೆಮಾರಿನಲ್ಲಿ ಬದಲಾಯಿತು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ರಾಗಿಯ ಹೊಲಗಳು ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಆದವು. ಮೋಡವನ್ನು ನೋಡುತ್ತಿದ್ದ ರೈತನು ನಾಲೆಯ ತೂಬನ್ನು ನೋಡತೊಡಗಿದನು. ಸಂಪತ್ತು ಬಂದುದು ನಿಜ. ಆದರೆ ಕಬ್ಬು ವರ್ಷವಿಡೀ ನೆಲವನ್ನೂ ನೀರನ್ನೂ ಬೇಡುವ ಬೆಳೆ. ನೀರು, ಬೆಲೆ, ಬಾಕಿ ಹಣ, ಇವುಗಳಲ್ಲಿ ಒಂದು ತಪ್ಪಿದರೂ ಸಾಲ ಏರುವುದು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಹಲವರು ಪ್ರಾಣವನ್ನೇ ಕಳೆದುಕೊಂಡರು. ರಸ್ತೆಯಲ್ಲಿ ಹೋಗುವವನಿಗೆ ಆ ವರ್ಷವೂ ಕಬ್ಬಿನ ಗದ್ದೆ ಚೆಲುವಾಗಿಯೇ ಕಂಡಿರಬೇಕು. ಹಸುರಿನ ನಡುವೆಯೇ ಸಾಲದಲ್ಲಿ ಬೆಂದ ಚೋಮನು ಕೇವಲ ಕಥೆಯವನಲ್ಲ.

ಆದುದರಿಂದ ಗೃಹಿಣಿಯರಲ್ಲಿ ಒಂದು ಬಿನ್ನಹ. ಮಕ್ಕಳಿಗೆ ಹೊಳೆಯನ್ನು ತೋರಿಸುವಾಗ ಅದರ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂಬುದನ್ನೂ ಹೇಳಿರಿ. ಯುಗಾದಿಯ ಬೆಲ್ಲವನ್ನು ಕೊಡುವಾಗ ಅದನ್ನು ಬೆಳೆದವನ ಮನೆಯಲ್ಲಿ ಹಬ್ಬವಾಯಿತೇ ಎಂದು ಕೇಳುವ ಅಭ್ಯಾಸವನ್ನೂ ಕಲಿಸಿರಿ. ಚೆಲುವನ್ನು ಕಂಡು ಹಿಗ್ಗುವ ಮನಸ್ಸೂ ಅದರ ಹಿಂದಿನ ಬೆವರನ್ನು ಗುರುತಿಸುವ ಮನಸ್ಸೂ ಬೇರೆಬೇರೆಯಾಗದಿದ್ದರೆ, ಆ ಮಗು ಕುಂಚ ಹಿಡಿಯದಿದ್ದರೂ ಲೇಖನಿ ಹಿಡಿಯದಿದ್ದರೂ ಒಳ್ಳೆಯ ಮನುಷ್ಯನಾಗಿ ಬೆಳೆಯುವುದರಲ್ಲಿ ಸಂದೇಹವಿಲ್ಲ.